ಕಳೆಗೂ ಯಾರಾದ್ರೂ ಬೀಜ ಹಾಕ್ತಾರಾ?

ಹೋದ ಭಾನುವಾರ ಕಿಟಕಿಯ ಪಕ್ಕ ಕೂತು ಬಟ್ಟೆ ಮಡಚುತ್ತಿದ್ದೆ. ಕೆನ್ನೆಗೆ ಏನೋ ಟಪ್ ಎಂದು ಬಡಿಯಿತು. ಹುಳ ಇರಬೇಕು ಅಂತ ಒರೆಸಿಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು, ಈ ಸಲ ಕನ್ನಡಕದ ಗಾಜಿನ ಮೇಲೆ. ಬೆರಳ ತುದಿಗೆ ಅಂಟಿಸಿಕೊಂಡು ನೋಡಿದರೆ ಬೀಜ. ಸಾಸಿವೆಗಿಂತ ಚಿಕ್ಕದು, ಕಂದು ಬಣ್ಣ, ಮೈಮೇಲೆ ಅಡ್ಡಡ್ಡ ಗೀರು. ಕಿಟಕಿಯಲ್ಲಿದ್ದ ಆಕ್ಸಾಲಿಸ್ ಕುಂಡ ಕೂತಲ್ಲಿಂದಲೇ ನನಗೆ ಗುರಿಯಿಟ್ಟಿತ್ತು.

ಸಿಟ್ಟು ಬರಲಿಲ್ಲ. ಎರಡು ವರ್ಷ ಈ ಬೀಜಕ್ಕಾಗಿಯೇ ಒದ್ದಾಡಿದ್ದೆ.

ಆಕ್ಸಾಲಿಸ್ ಅಂದರೆ ಯಾವುದೋ ದೂರದ ಗಿಡ ಅಂದುಕೊಳ್ಳಬೇಡಿ. ಕುಂಡದ ಅಂಚಿನಲ್ಲಿ, ಗೋಡೆಯ ಬಿರುಕಿನಲ್ಲಿ, ಕಲ್ಲುಗಳ ಸಂದಿಯಲ್ಲಿ ತಾನಾಗಿ ಹಬ್ಬುವ, ಮೂರು ಹೃದಯದಂಥ ಎಲೆ ಜೋಡಿಸಿಕೊಂಡ, ಹಳದಿ ಹೂವಿನ ಹುಳಿಸೊಪ್ಪು ಇದೆಯಲ್ಲ, ಅದೂ ಆಕ್ಸಾಲಿಸ್ಸೇ. ಪೂರ್ತಿ ಹೆಸರು ಆಕ್ಸಾಲಿಸ್ ಕಾರ್ನಿಕ್ಯುಲೇಟಾ. ಕಾರ್ನಿಕ್ಯುಲೇಟಾ ಅಂದರೆ ಪುಟ್ಟ ಕೊಂಬಿರುವುದು. ನೆಟ್ಟಗೆ ನಿಲ್ಲುವ ಅದರ ಕಾಯಿ ನೋಡಿದವರಿಗೆ ಆ ಹೆಸರು ಯಾಕೆ ಅಂತ ಗೊತ್ತಾಗುತ್ತದೆ. ನನಗಂತೂ ಅದು ಕೊಂಬಿಗಿಂತ ಬೆಂಡೆಕಾಯಿಯ ಮರಿಯ ಹಾಗೆ ಕಾಣುತ್ತದೆ, ಐದು ಏಣು ಸಮೇತ. ಆಕ್ಸಾಲಿಸ್ ಎಂಬ ಹೆಸರು ಹುಳಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಆಕ್ಸಾಲಿಕ್ ಆಮ್ಲಕ್ಕೆ ಆ ಹೆಸರು ಬಂದಿದ್ದು ಈ ಗಿಡದಿಂದ. ಈ ಕುಲದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಅತಿ ಹೆಚ್ಚು ಬಗೆಗಳು ಇರುವುದು ದಕ್ಷಿಣ ಅಮೆರಿಕದಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ.

ನಾನು ಬೀಜ ಹಾಕುತ್ತೇನೆ ಅಂದಾಗ ಅಕ್ಕ ಫೋನಿನಲ್ಲಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಕಳೆಗೂ ಯಾರಾದ್ರೂ ಬೀಜ ಹಾಕ್ತಾರೇನೇ? ಸುಮ್ನೆ ಮಣ್ಣು ಬಿಟ್ಟಿರು, ತಾನೇ ಬರುತ್ತೆ."

ಅವಳು ಹೇಳಿದ್ದು ಸುಳ್ಳಲ್ಲ, ಅದೇ ನನ್ನ ಕಷ್ಟ. ಬೇಡ ಅಂದದ್ದು ತಾನೇ ಬರುತ್ತದೆ, ಬೇಕು ಅಂದದ್ದು ಬರುವುದಿಲ್ಲ.

ಮೊದಲು ನನಗೆ ಬೇಕಿದ್ದದ್ದು ನೇರಳೆ ಎಲೆಯದು. ಟ್ರಯಾಂಗ್ಯುಲಾರಿಸ್ ಅಂತ ಅದರ ಹೆಸರು, ಬ್ರೆಜಿಲ್ ಕಡೆಯದು. ಚಿಟ್ಟೆಯ ರೆಕ್ಕೆಯಂಥ ತ್ರಿಕೋನ ಎಲೆ, ತಿಳಿಗುಲಾಬಿ ಹೂವು. ಇದನ್ನು ಎಲ್ಲರೂ ಗಡ್ಡೆಯಿಂದ ಬೆಳೆಸುತ್ತಾರೆ. ಮಣ್ಣೊಳಗೆ ಪುಟ್ಟ ಪೈನ್ ಕಾಯಿಯ ಹಾಗೆ ಪೊರೆಪೊರೆಯಾದ ಗಡ್ಡೆ ಇರುತ್ತದೆ, ಮುರಿದು ನೆಟ್ಟರೆ ಆಯಿತು. ನನಗೆ ಮಾತ್ರ ಬೀಜದ ಚಟ. ಯಾವ ಗಿಡವಾದರೂ ಬೀಜದಿಂದ ಎದ್ದು ಬಂದದ್ದನ್ನು ನೋಡದಿದ್ದರೆ ಅದು ನನ್ನದು ಅನ್ನಿಸುವುದಿಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಹುಡುಕಿ ಒಂದು ಪೊಟ್ಟಣ ತರಿಸಿದೆ. ಪೊಟ್ಟಣದ ಮೇಲೆ ಏಳು ಬಣ್ಣದ ಹೂವಿನ ಚಿತ್ರ ಇತ್ತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಇಪ್ಪತ್ತು ಬೀಜ ಎಣಿಸಿ ಹಾಕಿದೆ. ಮೂರು ವಾರ ಏನೂ ಇಲ್ಲ. ನಾಲ್ಕನೇ ವಾರ ಐದಾರು ಹಸಿರು ಚುಕ್ಕೆ ಎದ್ದವು. ದೊಡ್ಡದಾದ ಮೇಲೆ ನೇರಳೆ ಬರುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ಎರಡು ತಿಂಗಳು ನೀರು ಹಾಕಿದ ಮೇಲೆ ಬಂದದ್ದು ಹಳದಿ ಹೂವು. ಅಪ್ಪಟ ಹುಳಿಸೊಪ್ಪು. ಅದು ಪೊಟ್ಟಣದಿಂದ ಬಂತೋ, ನನ್ನ ಮಣ್ಣಿನಲ್ಲೇ ಇತ್ತೋ, ಹೇಳುವವರು ಯಾರು?

ಆಮೇಲೆ ಸ್ನೇಹಿತೆಯೊಬ್ಬಳು ನೇರಳೆಯ ಗಡ್ಡೆ ಕೊಟ್ಟಳು. ಅದು ಚೆನ್ನಾಗಿ ಬೆಳೆಯಿತು, ಹೂವು ಬಿಟ್ಟಿತು. ಬೀಜ ಮಾತ್ರ ಒಂದೂ ಕಟ್ಟಲಿಲ್ಲ. ಹೂವು ಬಾಡಿದ ಮೇಲೆ ತೊಟ್ಟು ಹಳದಿಯಾಗಿ ಉದುರುತ್ತಿತ್ತು. ಮೃದು ಬ್ರಷ್ ತಗೊಂಡು ಹೂವಿಂದ ಹೂವಿಗೆ ಪರಾಗ ಸವರಿದೆ, ಜೇನುನೊಣದ ಕೆಲಸ ನಾನೇ ಮಾಡಿದೆ. ಏನೂ ಆಗಲಿಲ್ಲ.

ಯಾಕೆ ಅಂತ ಗೊತ್ತಾಗಿದ್ದು ಭೂತಕನ್ನಡಿ ಹಿಡಿದು ಹೂವಿನೊಳಗೆ ನೋಡಿದ ಮೇಲೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಈ ಗಿಡದಲ್ಲಿ ನನಗೆ ಅತಿ ಇಷ್ಟವಾದ ವಿಷಯ ಇದೇ.

ಆಕ್ಸಾಲಿಸ್ ಹೂವಿಗೆ ಐದು ದಳ. ಒಳಗೆ ಹತ್ತು ಕೇಸರ, ಅಂದರೆ ಪರಾಗ ಹೊತ್ತ ಗಂಡು ಕಡ್ಡಿಗಳು. ಆ ಹತ್ತೂ ಒಂದೇ ಎತ್ತರ ಇರುವುದಿಲ್ಲ. ಐದು ಗಿಡ್ಡ, ಐದು ಉದ್ದ. ನಡುವೆ ಹೆಣ್ಣು ಭಾಗದ ಐದು ಶಲಾಕೆ, ಅಂದರೆ ಹೆಣ್ಣು ಕಡ್ಡಿಗಳು. ಹೂವಿನೊಳಗೆ ಮೂರು ಮಹಡಿಯ ಮನೆ ಇದೆ ಅಂದುಕೊಳ್ಳಿ. ಹೆಣ್ಣು ಒಂದು ಮಹಡಿಯಲ್ಲಿ, ಗಂಡುಗಳು ಉಳಿದ ಎರಡರಲ್ಲಿ. ಕೆಲವು ಗಿಡದಲ್ಲಿ ಹೆಣ್ಣು ಮೇಲಿನ ಮಹಡಿ, ಕೆಲವದರಲ್ಲಿ ನಡುವಿನದು, ಇನ್ನು ಕೆಲವದರಲ್ಲಿ ಕೆಳಗಿನದು. ಬೀಜ ಚೆನ್ನಾಗಿ ಕಟ್ಟಬೇಕಾದರೆ ಅದೇ ಮಹಡಿಯ ಪರಾಗ ಬೇಕು. ಅದು ಸ್ವಂತ ಮನೆಯಲ್ಲಿ ಇಲ್ಲವೇ ಇಲ್ಲ! ಬೇರೆ ನಮೂನೆಯ ಗಿಡದಿಂದಲೇ ಬರಬೇಕು. ಎಲ್ಲ ಜಾತಿಯೂ ಹೀಗಲ್ಲ, ಆದರೆ ತುಂಬ ಜಾತಿಗಳು ಹೀಗೆ.

ಚಾರ್ಲ್ಸ್ ಡಾರ್ವಿನ್ 1877ರಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಬ್ರೆಜಿಲ್‌ನಲ್ಲಿದ್ದ ನಿಸರ್ಗ ವಿಜ್ಞಾನಿ ಫ್ರಿಟ್ಜ್ ಮ್ಯುಲರ್ ಅವನಿಗೆ ತಿಳಿಸಿದ ಸಂಗತಿಯೊಂದು ಅಲ್ಲಿದೆ. ಎಕರೆಗಟ್ಟಲೆ ಬಯಲು, ತುಂಬ ಕೆಂಪು ಆಕ್ಸಾಲಿಸ್ ಹೂವು, ಎಲ್ಲವೂ ಒಂದೇ ನಮೂನೆಯದು. ಅಷ್ಟೂ ಬಯಲಿನಲ್ಲಿ ಒಂದೇ ಒಂದು ಬೀಜ ಇರಲಿಲ್ಲವಂತೆ. ಮ್ಯುಲರ್‌ನ ಸ್ವಂತ ಜಮೀನಿನಲ್ಲಿ ಇನ್ನೊಂದು ಜಾತಿ ತುಂಬಿಕೊಂಡಿತ್ತು, ಅದರದ್ದೂ ಇದೇ ಕಥೆ. ಮೂರೂ ನಮೂನೆಯನ್ನು ತೋಟದಲ್ಲಿ ಹತ್ತಿರ ಹತ್ತಿರ ನೆಟ್ಟಾಗ ಯಥೇಚ್ಛ ಬೀಜ ಕಟ್ಟಿದವು. ಇದನ್ನು ಓದಿ ಬ್ರಷ್ ಕೆಳಗಿಟ್ಟೆ. ನನ್ನ ನೇರಳೆ ಗಿಡಗಳೆಲ್ಲ ಒಂದೇ ಗಡ್ಡೆಯ ಚೂರುಗಳು. ಎಂಟು ಕುಂಡ ಇದ್ದರೂ ಅದು ಒಂದೇ ಗಿಡ, ಎಂಟು ಕಡೆ ಕೂತಿದೆ, ಅಷ್ಟೇ. ಅಕ್ಕಪಕ್ಕದಲ್ಲಿಟ್ಟು ಮದುವೆ ಮಾಡಿಸುತ್ತೇನೆ ಅಂತ ಹೊರಟಿದ್ದೆ ನಾನು.

ಹಾಗಾಗಿ ಬೀಜದಿಂದಲೇ ಬೆಳೆಸಬೇಕು ಅನ್ನುವವರು ಜಾತಿ ಆರಿಸಿಕೊಳ್ಳಬೇಕು. ನನಗೆ ಕೊನೆಗೂ ಒಲಿದದ್ದು ಚಿಲಿ ದೇಶದ ವಾಲ್ಡಿವಿಯೆನ್ಸಿಸ್. ಇದಕ್ಕೆ ಗಡ್ಡೆಯ ಗೊಡವೆ ಇಲ್ಲ. ಬೀಜ ಹಾಕಿದ ವರ್ಷವೇ ಹೂವು. ಗೇಣುದ್ದದ ಪೊದೆ, ಎಲೆಗಳ ಮೇಲೆ ತಲೆಯೆತ್ತಿದ ದಂಟು, ದಂಟಿನ ತುದಿಯಲ್ಲಿ ಗೊಂಚಲು ಹಳದಿ ಹೂವು. ಹತ್ತಿರ ಹೋಗಿ ನೋಡಿದರೆ ಗಂಟಲಿನ ಹತ್ತಿರ ಕೆಂಗಂದು ಗೆರೆಗಳು, ತೆಳ್ಳಗಿನ ಪೆನ್ನಿನಲ್ಲಿ ಎಳೆದ ಹಾಗೆ.

ಅಲ್ಲೂ ಮೊದಲ ಸಲ ಎಡವಿದೆ. ಬೀಜ ಹಾಕಿದ ಟ್ರೇಯಲ್ಲಿ ಹನ್ನೊಂದನೇ ದಿನ ಸಸಿ ಎದ್ದವು. ಜೊತೆಗೆ ಹುಳಿಸೊಪ್ಪಿನ ಸಸಿಗಳೂ ಎದ್ದವು. ಎರಡಕ್ಕೂ ಮೊದಲು ಬರುವುದು ಪುಟ್ಟ ದುಂಡನೆಯ ಎರಡು ಬೀಜದೆಲೆ, ಆಮೇಲೆ ಮೂರು ಹೃದಯದ ನಿಜ ಎಲೆ. ಕಡ್ಡಿಯಷ್ಟು ವ್ಯತ್ಯಾಸ ಇಲ್ಲ. ನಾನು ಬಹಳ ತಿಳಿದವಳ ಹಾಗೆ ಚಿಮಟ ಹಿಡಿದು ಕಳೆ ಕೀಳಲು ಕೂತೆ. ಒಂದು ತಿಂಗಳ ನಂತರ ಟ್ರೇಯಲ್ಲಿ ಉಳಿದದ್ದು ಪೂರ್ತಿ ಕಳೆ. ಕಿತ್ತದ್ದೆಲ್ಲ ಬೇಕಾದದ್ದು.

ಎರಡನೇ ಸಲ ಒಂದು ಉಪಾಯ ಮಾಡಿದೆ. ಅದೇ ಮಣ್ಣಿನ ಮಿಶ್ರಣವನ್ನು ಇನ್ನೊಂದು ಸಣ್ಣ ಕುಂಡಕ್ಕೂ ತುಂಬಿ, ಅದರಲ್ಲಿ ಏನೂ ಬಿತ್ತದೆ, ಟ್ರೇಯ ಪಕ್ಕದಲ್ಲೇ ಇಟ್ಟು ಅದಕ್ಕೂ ನೀರು ಹಾಕಿದೆ. ಸಾಕ್ಷಿ ಕುಂಡ ಅಂತ ಹೆಸರಿಟ್ಟೆ. ಸಾಕ್ಷಿ ಕುಂಡದಲ್ಲಿ ಏನು ಎದ್ದರೂ ಅದು ಕಳೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ಟ್ರೇಯಲ್ಲಿ ಯಾರು ಯಾರು ಅಂತ ನಾಲ್ಕನೇ ಎಲೆಯ ಹೊತ್ತಿಗೆ ತಿಳಿಯುತ್ತದೆ. ಹುಳಿಸೊಪ್ಪಿನ ಕಾಂಡ ನೆಲಕ್ಕೆ ಅಂಟಿ ಹರಿಯುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಮೈಮೇಲೆ ಸಣ್ಣ ರೋಮ ಇರುತ್ತದೆ. ವಾಲ್ಡಿವಿಯೆನ್ಸಿಸ್ ಒಂದೇ ಕಡೆ ಪೊದೆಯಾಗಿ ಕೂರುತ್ತದೆ, ಎಲೆಯ ತೊಟ್ಟು ಉದ್ದ, ಎಲೆ ದೊಡ್ಡದು. ಅಲ್ಲಿಯ ತನಕ ಏನನ್ನೂ ಕೀಳಬೇಡಿ. ಕೈ ಕಟ್ಟಿಕೊಂಡು ಕೂರಿ.

ಬಿತ್ತುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮರಳು, ಸ್ವಲ್ಪ ಎರೆಗೊಬ್ಬರ ಬೆರೆಸಿ ಜರಡಿ ಹಿಡಿಯುತ್ತೇನೆ. ಅದರ ಮೇಲೆ ಕುದಿಯುವ ನೀರು ಸುರಿದು ಆರಲು ಬಿಡುತ್ತೇನೆ, ಒಳಗಿನ ಕಳೆ ಬೀಜ ಒಂದಷ್ಟಾದರೂ ಸಾಯಲಿ ಅಂತ. ಬೀಜವನ್ನು ಹೂಳುವುದಿಲ್ಲ. ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತುತ್ತೇನೆ. ಹುಳಿಸೊಪ್ಪಿನ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಇದಕ್ಕೂ ಅದೇ ಉಪಚಾರ ಮಾಡಿದೆ, ಒಪ್ಪಿಕೊಂಡಿತು. ಮೇಲಿಂದ ನೀರು ಸುರಿದರೆ ಬೀಜ ಎಲ್ಲ ಒಂದು ಮೂಲೆಗೆ ಹೋಗಿ ಗುಂಪಾಗುತ್ತದೆ. ಸ್ಪ್ರೇ ಬಾಟಲಿ ಸಾಕು, ಇಲ್ಲವೇ ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿಂದ ಹೀರಿಕೊಳ್ಳಲು ಬಿಡಿ. ಸುಮಾರು 18ರಿಂದ 22 ಡಿಗ್ರಿ ಇರುವ ಜಾಗ, ನೇರ ಬಿಸಿಲಿಲ್ಲದ ಬೆಳಕು. ತೇವ ಆರದಿರಲಿ ಅಂತ ಟ್ರೇಗೆ ಪ್ಲಾಸ್ಟಿಕ್ ಮುಚ್ಚಿದ್ದರೆ, ಮೊಳಕೆ ಕಂಡ ದಿನವೇ ಅದನ್ನು ತೆಗೆದುಬಿಡಿ. ನಾನು ಒಂದು ದಿನ ಮರೆತೆ. ಗಾಳಿಯಾಡದೆ ಬುಡ ಕೊಳೆತು ಒಂಬತ್ತು ಸಸಿ ಒಂದೇ ರಾತ್ರಿಯಲ್ಲಿ ಅಡ್ಡ ಬಿದ್ದವು.

ನಿಜ ಎಲೆ ನಾಲ್ಕು ಬಂದ ಮೇಲೆ ಬೇರೆ ಕುಂಡಕ್ಕೆ. ಕಾಂಡ ಹಿಡಿಯಬೇಡಿ, ನೂಲಿನಷ್ಟು ತೆಳು, ಚಿವುಟಿ ಹೋಗುತ್ತದೆ. ಎಲೆ ಹಿಡಿದು ಎತ್ತಿ. ಒಂದು ಎಲೆ ಹೋದರೆ ಇನ್ನೊಂದು ಬರುತ್ತದೆ.

ಬೆಳೆದ ಮೇಲೆ ಇದು ರಗಳೆ ಮಾಡುವ ಗಿಡವಲ್ಲ. ಬಿಸಿಲು ಬೇಕು, ನೀರು ಬಸಿದು ಹೋಗಬೇಕು, ಗೊಬ್ಬರ ಕಮ್ಮಿ ಸಾಕು. ಗೊಬ್ಬರ ಜಾಸ್ತಿ ಆದರೆ ಎಲೆ ಸೊಂಪಾಗಿ ಬಂದು ಹೂವು ಮರೆತುಬಿಡುತ್ತದೆ. ಹೂವು ಬಿಸಿಲಿಗೆ ಅರಳಿ ಸಂಜೆ ಮುಚ್ಚಿಕೊಳ್ಳುತ್ತದೆ. ಮೋಡ ಕವಿದ ದಿನ ಅರಳುವುದೇ ಇಲ್ಲ. ಮೊದಮೊದಲು ಮೂರು ದಿನ ಮೋಡ ಇದ್ದಾಗ ಗಿಡಕ್ಕೆ ಏನೋ ರೋಗ ಬಂತು ಅಂತ ಎಲ್ಲರನ್ನೂ ಕೇಳಿಕೊಂಡು ತಿರುಗಿದ್ದೆ. ಎಲೆಯೂ ಹಾಗೇ. ಕತ್ತಲಾದರೆ ಮೂರೂ ಎಲೆ ಕೊಡೆಯ ಹಾಗೆ ಕೆಳಗೆ ಮಡಚಿಕೊಳ್ಳುತ್ತವೆ. ಎಲೆ ತೊಟ್ಟಿಗೆ ಸೇರುವಲ್ಲಿ ಒಂದು ಪುಟ್ಟ ಉಬ್ಬು ಇದೆ, ಅದರ ಜೀವಕೋಶಗಳಿಂದ ನೀರು ಆಚೀಚೆ ಹೋಗುವುದರಿಂದ ಹೀಗಾಗುತ್ತದೆ. ರಾತ್ರಿ ದೀಪ ಹಾಕಿ ನೋಡಿದರೆ ಇಡೀ ಕುಂಡ ತಲೆ ತಗ್ಗಿಸಿ ನಿದ್ದೆ ಮಾಡುತ್ತಿರುತ್ತದೆ.

ಕಾಯಿಲೆ ಅಂದರೆ ಮುಖ್ಯವಾಗಿ ತುಕ್ಕು ರೋಗ. ಎಲೆಯ ಮೇಲೆ ಹಳದಿ ಚುಕ್ಕೆ ಕಂಡರೆ ತಿರುಗಿಸಿ ನೋಡಿ, ಅಡಿಯಲ್ಲಿ ಕಿತ್ತಳೆ ಪುಡಿ ಇರುತ್ತದೆ, ಬೆರಳಿಗೆ ಹತ್ತುತ್ತದೆ. ಅದೊಂದು ಶಿಲೀಂಧ್ರ. ಅಂಥ ಎಲೆ ಕಿತ್ತು ಎಸೆಯುತ್ತೇನೆ, ಎಲೆ ಮೇಲೆ ನೀರು ಹಾಕುವುದನ್ನು ನಿಲ್ಲಿಸುತ್ತೇನೆ. ಔಷಧಿ ಹೊಡೆಯುವಷ್ಟು ದೂರ ಹೋಗಿಲ್ಲ. ಹುಳಿಸೊಪ್ಪಿನ ಎಲೆಯಲ್ಲಿ ತೂತು ಕಂಡರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಉಗುರಿನಷ್ಟೇ ಅಗಲದ ತಿಳಿನೀಲಿ ಚಿಟ್ಟೆ ಒಂದಿದೆ, ಪೇಲ್ ಗ್ರಾಸ್ ಬ್ಲೂ ಅಂತ, ಅದು ಮೊಟ್ಟೆ ಇಡುವುದು ಇದರ ಮೇಲೆ. ಅದರ ಮರಿ ಹುಳ ಎಲೆಯಷ್ಟೇ ಹಸಿರು, ಕಣ್ಣಿಗೆ ಸಿಗುವುದೇ ಕಷ್ಟ. ಅದಕ್ಕಾಗಿಯೇ ಸಾಕ್ಷಿ ಕುಂಡದ ಕಳೆಯನ್ನು ಈಗ ಕೀಳದೆ ಬಿಟ್ಟಿದ್ದೇನೆ. ಅಕ್ಕನಿಗೆ ಹೇಳಿಲ್ಲ.

ಇನ್ನು ಬೀಜ ಹಿಡಿಯುವ ಕೆಲಸ. ನನ್ನ ಕೆನ್ನೆಗೆ ಬಡಿದದ್ದು ಹೇಗೆ ಅಂತ ಹೇಳುತ್ತೇನೆ.

ಸಾಮಾನ್ಯವಾಗಿ ಸಿಡಿಯುವ ಗಿಡಗಳಲ್ಲಿ ಕಾಯಿ ಸಿಡಿಯುತ್ತದೆ. ಇಲ್ಲಿ ಸಿಡಿಯುವುದು ಬೀಜದ ಅಂಗಿ. ಪ್ರತಿ ಬೀಜದ ಮೇಲೂ ಬೆಳ್ಳಗಿನ, ತೆಳ್ಳಗಿನ ಒಂದು ಹೊದಿಕೆ ಇರುತ್ತದೆ. ಕಾಯಿ ಬಲಿಯುತ್ತ ಬಂದ ಹಾಗೆ ಆ ಹೊದಿಕೆಯ ಒಳಪದರ ನೀರು ತುಂಬಿಕೊಂಡು ಬಿಗಿಯಾಗುತ್ತದೆ. ಕೊನೆಗೆ ತಡೆಯಲಾರದೆ ಒಂದು ಕಡೆ ಹರಿದು, ಕಾಲುಚೀಲ ಒಳಹೊರಗು ಮಾಡಿದ ಹಾಗೆ ಸರಕ್ಕನೆ ತಿರುಗುತ್ತದೆ. ಆ ರಭಸಕ್ಕೆ ಬೀಜ ಕಾಯಿಯ ಸೀಳಿನಿಂದ ಆಚೆ ಹಾರುತ್ತದೆ. ಒಂದೆರಡು ಮೀಟರ್ ದೂರ ಸಲೀಸು. ಬಲಿತ ಕಾಯಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದುಕೊಂಡರೆ ಒಳಗೆ ಪಟಪಟ ಅನ್ನುವುದು ಚರ್ಮಕ್ಕೆ ಗೊತ್ತಾಗುತ್ತದೆ. ಆಮೇಲೆ ನೋಡಿದರೆ ಸೀಳಿನಲ್ಲಿ ಖಾಲಿ ಬಿಳಿ ಅಂಗಿಗಳು ಸುರುಟಿಕೊಂಡು ನೇತಾಡುತ್ತಿರುತ್ತವೆ. ಮಾಲೀಕ ಇಲ್ಲ.

ಕಾಯಿ ಒಣಗಿದ ಮೇಲೆ ಕೊಯ್ಯೋಣ ಅಂತ ಕಾದರೆ ಖಾಲಿ ಕಾಯಿ ಸಿಗುತ್ತದೆ. ಹಸಿರಿರುವಾಗಲೇ ಹಾರುತ್ತವೆ. ಒಂದು ಹಳೆಯ ತೆಳು ಬಟ್ಟೆಯಲ್ಲಿ ಬೆರಳುದ್ದದ ಚೀಲ ಹೊಲಿದು, ಕಾಯಿ ದಪ್ಪವಾಗುತ್ತಿದ್ದಂತೆ ಗೊಂಚಲಿಗೆ ತೊಡಿಸಿ ದಾರ ಕಟ್ಟುತ್ತೇನೆ. ಮೊದಲು ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ, ಒಳಗೆ ಬೆವರು ಬಂದು ಬೂಸಲು ಹಿಡಿಯಿತು. ಬಟ್ಟೆಯೇ ಸರಿ. ಕೆನ್ನೆಗೆ ಬಡಿದ ದಿನ ಒಂದು ಗೊಂಚಲಿಗೆ ಚೀಲ ಹಾಕುವುದು ಮರೆತುಹೋಗಿತ್ತು.

ಹೀಗೆ ಹಿಡಿದ ಬೀಜವನ್ನು ನೆರಳಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿ ಇಡಬಹುದು. ಆದರೆ ಎಲ್ಲ ಆಕ್ಸಾಲಿಸ್‌ಗೂ ಈ ಮಾತು ನಡೆಯುವುದಿಲ್ಲ. ಕೇಪ್ ಪ್ರದೇಶದ ಎಷ್ಟೋ ಜಾತಿಗಳ ಬೀಜಕ್ಕೆ ಕಾಯುವ ಸ್ವಭಾವವೇ ಇಲ್ಲ. ಮೆತ್ತಗೆ, ಹಸಿರಾಗಿ ಹೊರಬೀಳುತ್ತವೆ, ಬಿದ್ದ ಕೂಡಲೇ ಮೊಳೆಯುತ್ತವೆ, ಒಣಗಿದರೆ ಸಾಯುತ್ತವೆ. ಒಬ್ಬ ಸ್ನೇಹಿತರು ಪ್ರೀತಿಯಿಂದ ಅಂಚೆಯಲ್ಲಿ ಕಳಿಸಿದ್ದರು, ಲಕೋಟೆ ಬಿಚ್ಚಿದರೆ ಒಳಗಿದ್ದದ್ದು ಬರೀ ಹೊಟ್ಟು. ಮುಂದಿನ ಸಲ ಒದ್ದೆ ಟಿಶ್ಯೂನಲ್ಲಿ ಸುತ್ತಿ ಜಿಪ್ ಕವರಿನಲ್ಲಿ ಹಾಕಿ ಕಳಿಸಿದರು. ಬರುವ ಹೊತ್ತಿಗೆ ಎಲ್ಲಕ್ಕೂ ಬಿಳಿ ಬೇರು ಬಂದಿತ್ತು. ಅವು ಮೊದಲ ವರ್ಷ ಒಂದೆರಡು ಎಲೆ ತೋರಿಸಿ, ಗಡ್ಡೆ ಕಟ್ಟಿಕೊಂಡು ಮಣ್ಣೊಳಗೆ ಮಲಗಿವೆ. ಹೂವು ಕಾಣಲು ಇನ್ನೂ ಕಾಯಬೇಕು.

ಮಲಗುವ ವಿಷಯ ಬಂತಲ್ಲ, ಗಡ್ಡೆಯ ಜಾತಿಗಳು ವರ್ಷದಲ್ಲಿ ಒಂದಷ್ಟು ದಿನ ಎಲೆಯೆಲ್ಲ ಒಣಗಿಸಿ ಸತ್ತ ಹಾಗೆ ನಟಿಸುತ್ತವೆ. ನೇರಳೆಯ ಒಂದು ಕುಂಡವನ್ನು ನಾನು ಸತ್ತಿತು ಅಂತ ಸುರಿದೇ ಬಿಟ್ಟಿದ್ದೆ. ಸುರಿದ ಜಾಗದಲ್ಲಿ ತಿಂಗಳ ನಂತರ ಚಿಗುರಿತು. ಹಾಗೆ ಒಣಗಿದಾಗ ನೀರು ನಿಲ್ಲಿಸಿ ಒಂದು ಮೂಲೆಯಲ್ಲಿಡಿ, ಮತ್ತೆ ಚಿಗುರು ಕಂಡಾಗ ನೀರು ಶುರು ಮಾಡಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಇದನ್ನು ನೆಲಕ್ಕೆ ಬಿಡಬೇಡಿ, ಕುಂಡದಲ್ಲೇ ಇರಲಿ. ದಕ್ಷಿಣ ಆಫ್ರಿಕಾದ ಪೆಸ್-ಕ್ಯಾಪ್ರೇ ಎಂಬ ಹಳದಿ ಜಾತಿ ಮೆಡಿಟರೇನಿಯನ್ ಸುತ್ತಲಿನ ದೇಶಗಳಲ್ಲಿ ತೋಟ ಹೊಲ ಎಲ್ಲ ಆವರಿಸಿಕೊಂಡಿದೆ, ಅದೂ ಹೆಚ್ಚಾಗಿ ಬರೀ ಮರಿಗಡ್ಡೆಗಳಿಂದಲೇ. ಕೆಲವು ಜಾತಿಗಳ ಬೇರು ಕುಗ್ಗಿ ಗಡ್ಡೆಯನ್ನು ಇನ್ನೂ ಆಳಕ್ಕೆ ಎಳೆದುಕೊಳ್ಳುತ್ತದೆ, ಕಿತ್ತಷ್ಟೂ ಮರಿಗಳು ಮಣ್ಣಲ್ಲೇ ಉಳಿಯುತ್ತವೆ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಕೈಗೆಟುಕದ ಹಾಗೆ ಇಡಿ. ಎಲೆಯ ಹುಳಿಯಲ್ಲಿರುವ ಆಕ್ಸಲೇಟ್ ಜಾಸ್ತಿ ತಿಂದರೆ ಅವಕ್ಕೆ ಒಳ್ಳೆಯದಲ್ಲ.

ಮೊನ್ನೆ ಅಕ್ಕನ ಫೋನ್ ಬಂತು. ಹೋದ ಸಲ ಬಂದಾಗ ನಾನು ಅವಳಿಗೊಂದು ವಾಲ್ಡಿವಿಯೆನ್ಸಿಸ್ ಸಸಿ ಕೊಟ್ಟು ಕಳಿಸಿದ್ದೆ.

"ನಿನ್ನ ಕುಂಡದಲ್ಲಿ ಹಳದಿ ಹೂವು ಬಂದಿದೆ ಕಣೇ. ಇದು ನೀನು ಕೊಟ್ಟಿದ್ದಾ, ಕಳೆಯಾ?"

"ಹೂವಿನ ಗಂಟಲಲ್ಲಿ ಕಂದು ಗೆರೆ ಇದೆಯಾ ನೋಡು ಅಕ್ಕಾ."

"ಕನ್ನಡಕ ಇಲ್ಲ, ಕಾಣ್ತಿಲ್ಲ."

"ಹಾಗಾದ್ರೆ ಕಾಂಡ ನೋಡು. ಗೆಣ್ಣಿನಲ್ಲೆಲ್ಲ ಬೇರು ಬಿಟ್ಟು ಮಣ್ಣಿಗೆ ಅಂಟಿಕೊಂಡಿದ್ರೆ ಕಳೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಏನೋ ಸರಸರ ಅಂದಿತು.

"ಇಲ್ಲ ಕಣೇ," ಅಂದಳು ಅಕ್ಕ. "ಪೂರ್ತಿ ಕಿತ್ತು ನೋಡಿದೆ. ಗೆಣ್ಣಿನಲ್ಲಿ ಒಂದು ಬೇರೂ ಇಲ್ಲ."